ಫ್ಲೂ ಲಸಿಕೆಯಿಂದ ಭುಜಕ್ಕೆ ಪೆಟ್ಟಾದರೆ: ಮುಂಬೈನ ಸಯನ್ ನಿವಾಸಿಗಳಿಗೆ ಪರಿಹಾರದ ದಾರಿ

ಗಾಯ ಆಗುವ ಬಗೆ

ಫ್ಲೂ ಲಸಿಕೆ ಹಾಕಿಸಿಕೊಂಡ ತೋಳು ಎರಡು ಮೂರು ದಿನ ನೋಯುವುದು ಸಹಜ. ವಾರಗಳು ಕಳೆದರೂ ತಲೆ ಬಾಚಲು ಕೈ ಮೇಲೇಳದಿದ್ದರೆ, ಆ ಮಗ್ಗುಲಿಗೆ ಮಲಗಲಾಗದಿದ್ದರೆ ತಪಾಸಣೆ ಬೇಕು. ಸೂಜಿ ಇಳಿಯಬೇಕಾದದ್ದು ಭುಜದ ಮೂಳೆಯ ತುದಿಗಿಂತ ಎರಡು ಮೂರು ಬೆರಳು ಕೆಳಗಿನ ಸ್ನಾಯುವಿಗೆ. ತೀರಾ ಮೇಲೆ ಚುಚ್ಚಿದರೆ ಔಷಧ ಕೀಲಿನ ಬಳಿಯ ದ್ರವಚೀಲಕ್ಕೆ ಸೇರಿ ಉರಿಯೂತ ಆಗಬಹುದು. 2010ರಲ್ಲಿ ಅಮೆರಿಕದ ವೈದ್ಯರು ಇಂಥ 13 ಪ್ರಕರಣಗಳನ್ನು ವಿವರಿಸಿ ಇದಕ್ಕೆ ‘ಸಿರ್ವಾ’ ಎಂದು ಹೆಸರಿಟ್ಟರು.

ಅಮೆರಿಕದ ನಿಧಿ

ಅಲ್ಲಿ 1988ರಿಂದ ಲಸಿಕೆ ಪರಿಹಾರ ನಿಧಿಯಿದೆ. ಲಸಿಕೆಗಳ ಮೇಲಿನ ಸುಂಕವೇ ಅದರ ಮೂಲ. 2017ರ ಮಾರ್ಚ್‌ನಲ್ಲಿ ಸಿರ್ವಾ ಆ ನಿಧಿ ಪರಿಹಾರ ಕೊಡುವ ಗಾಯಗಳ ಪಟ್ಟಿಗೆ ಸೇರಿತು. ಮೊದಲು ಸರಿಯಿದ್ದ ಭುಜದಲ್ಲಿ 48 ಗಂಟೆಯೊಳಗೆ ನೋವು ಶುರುವಾಗಿ, ಅದಕ್ಕೆ ಬೇರೆ ಕಾರಣ ಕಾಣದಿದ್ದರೆ, ಯಾರ ತಪ್ಪನ್ನೂ ಸಾಬೀತು ಮಾಡಬೇಕಿಲ್ಲ.

ಇಲ್ಲಿರುವ ದಾರಿ

ಭಾರತದಲ್ಲಿ ಅಂಥ ನಿಧಿಯಿಲ್ಲ. ನಂಬಿ ತೋಳೊಡ್ಡಿದವರೇ ಚುಚ್ಚಿದವರ ನಿರ್ಲಕ್ಷ್ಯವನ್ನು ತೋರಿಸಬೇಕಾಗಿರುವುದು ಅನ್ಯಾಯ. ಉಳಿದಿರುವ ಮುಖ್ಯ ದಾರಿ ಗ್ರಾಹಕ ಆಯೋಗ. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟ್ 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಸಯನ್‌ನ ಖಾಸಗಿ ಕ್ಲಿನಿಕ್‌ನಲ್ಲಿ ಹಣ ಕೊಟ್ಟು ಲಸಿಕೆ ಹಾಕಿಸಿಕೊಂಡವರು ನಿಸ್ಸಂದೇಹವಾಗಿ ಗ್ರಾಹಕರು. ಎಲ್ಲರಿಗೂ ಪುಕ್ಕಟೆ ಸೇವೆ ಕೊಡುವ ಕಡೆ ಈ ಹಕ್ಕಿಲ್ಲ. ಕೆಲವರಿಂದ ಶುಲ್ಕ ಪಡೆಯುವ ಆಸ್ಪತ್ರೆಯಾದರೆ ಅಲ್ಲಿನ ಉಚಿತ ರೋಗಿಗೂ ಇದೆ.

2019ರ ಗ್ರಾಹಕ ಕಾಯ್ದೆಯಂತೆ ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಯೋಗದ ಹಂತ ಗೊತ್ತಾಗುವುದು ಕೇಳುವ ಪರಿಹಾರದಿಂದಲ್ಲ, ಸೇವೆಗೆ ತೆತ್ತ ಹಣದಿಂದ. ಹಾಗಾಗಿ ಲಸಿಕೆಯ ದೂರು ಜಿಲ್ಲಾ ಆಯೋಗಕ್ಕೇ ಹೋಗುತ್ತದೆ. ತೆತ್ತ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಗಡುವು 2 ವರ್ಷ.

ಗೆಲ್ಲಿಸುವ ಕಾಗದಗಳು

ಮಧುಮೇಹವಿದ್ದವರಿಗೆ ಭುಜ ಬಿಗಿಯುವುದು ಸಾಮಾನ್ಯ. ಎದುರು ಪಕ್ಷ ಮೊದಲು ಹಿಡಿಯುವ ವಾದವೇ ಅದು. ಆದ್ದರಿಂದ ನೋವು ಎರಡು ಮೂರು ದಿನದಲ್ಲಿ ತಗ್ಗದಿದ್ದರೆ ಕೂಡಲೇ ಮತ್ತೊಬ್ಬ ವೈದ್ಯರಿಗೆ ತೋರಿಸಿ, ಯಾವ ತೋಳು, ಯಾವಾಗಿನಿಂದ ನೋವು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬಿಲ್ಲು, ಲಸಿಕೆಯ ಬ್ಯಾಚ್ ಸಂಖ್ಯೆ, ಎಂಆರ್‌ಐ ವರದಿ ಜೋಪಾನವಾಗಿರಲಿ. ದಾಖಲೆ ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಪ್ರತಿ ಪ್ರಕರಣದಲ್ಲೂ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆಯಾದರೂ, ಸೂಜಿ ಬಿದ್ದ ಜಾಗದ ತಕರಾರಿನಲ್ಲಿ ಮೂಳೆತಜ್ಞರ ಲಿಖಿತ ಅಭಿಪ್ರಾಯವಿಲ್ಲದೆ ಹೋಗಬಾರದು.

ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ 1800-180-3024. ಅಲ್ಲಿಂದ ಪರಿಹಾರದ ಹಣ ಬರುವುದಿಲ್ಲ, ಆದರೂ ತಿಳಿಸಿ.