ಅನ್ನನಾಳದ ಶಸ್ತ್ರಕ್ರಿಯೆಯ ನಂತರ: ಕೂಸಿನ ಉಣಿಸಿನ ಚರಿತ್ರೆ

ಅನ್ನನಾಳ ಕೂಡಿಕೊಳ್ಳದೆ ಹುಟ್ಟುವ ಶಿಶುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಶಸ್ತ್ರವೈದ್ಯರ ಸಾಧನೆಯಾಗಿ ಬರೆಯಲಾಗಿದೆ. ನಾಳದ ಮೇಲಿನ ತುಂಡು ಮುಚ್ಚಿದ ಚೀಲದಂತೆ ಕೊನೆಗೊಂಡು, ಕೆಳಗಿನ ತುಂಡು ಶ್ವಾಸನಾಳಕ್ಕೆ ತೆರೆದುಕೊಳ್ಳುವ ಈ ಜನ್ಮಜಾತ ದೋಷವನ್ನು 1697ರಲ್ಲಿ ಥಾಮಸ್ ಗಿಬ್ಸನ್ ವರ್ಣಿಸಿದನು. ಇಂತಹ ಕೂಸುಗಳು ಹಂತಹಂತದ ಶಸ್ತ್ರಕ್ರಿಯೆಯಿಂದ ಬದುಕಿದ್ದು 1939ರಲ್ಲಿ. 1941ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಕ್ಯಾಮರಾನ್ ಹೈಟ್ ಎರಡೂ ತುದಿಗಳನ್ನು ನೇರವಾಗಿ ಹೊಲಿದು ಹೆಣ್ಣುಕೂಸೊಂದನ್ನು ಉಳಿಸಿದನು. ಆ ಕೂಸಿಗೂ ಹೊಲಿಗೆ ಸೋರಿತ್ತು; ಬಳಿಕ ನಾಳ ಕಿರಿದಾಗಿ ಹಿಗ್ಗಿಸಬೇಕಾಗಿ ಬಂದಿತ್ತು. ಯಶೋಗಾಥೆಯಲ್ಲಿ ಹಿಂದೆ ಸರಿದಿರುವ ಈ ಭಾಗವೇ ಜಾನಪದ ಅಧ್ಯಯನಕ್ಕೆ ಮುಖ್ಯವಾದುದು. ಏಕೆಂದರೆ ತೊಡಕುಗಳು ಕಾಣಿಸಿಕೊಳ್ಳುವುದು ಹೆಚ್ಚಾಗಿ ಮನೆಯಲ್ಲಿ, ಉಣಿಸುವವರ ಕೈಯಲ್ಲಿ.

ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಲ್ಲಿ ಸ್ಥಾಪನೆಯಾದ ನಂತರವೂ ಹಳ್ಳಿಗಳ ಹೆರಿಗೆ ಬಹುಕಾಲ ಸೂಲಗಿತ್ತಿಯ ಕೈಯಲ್ಲಿಯೇ ಉಳಿಯಿತು. ತಾಯಿಹಾಲಿಗೆ ಮೊದಲು ಜೇನು, ಬೆಲ್ಲದ ನೀರು, ಹರಳೆಣ್ಣೆ ನೆಕ್ಕಿಸುವ ರೂಢಿಯನ್ನು ನಾಟಿವೈದ್ಯದ ಸಂಗ್ರಹಕಾರರು ಮೆಚ್ಚುಗೆಯಿಂದಲೇ ದಾಖಲಿಸಿದ್ದುಂಟು. ಈ ದೋಷವುಳ್ಳ ಕೂಸಿಗೆ ಆ ಮೊದಲ ಹನಿಯೇ ಅಪಾಯ. ಅದು ಹೊಟ್ಟೆಗಿಳಿಯದೆ ಶ್ವಾಸಕೋಶ ಸೇರುತ್ತದೆ. ಬಾಯಲ್ಲಿ ನಿಲ್ಲದೆ ಬರುವ ನೊರೆ, ನೀಲಿಗಟ್ಟುವ ತುಟಿ ಇದರ ಲಕ್ಷಣಗಳು. ಇವನ್ನು ಬಾಲಗ್ರಹವೆಂದು ತಿಳಿದು ಕಳೆದ ಗಳಿಗೆಗಳ ಲೆಕ್ಕ ಯಾವ ಸಂಗ್ರಹದಲ್ಲಿಯೂ ಸೇರುವುದಿಲ್ಲ. ಆಚರಣೆಯನ್ನು ಬರೆದಿಟ್ಟು ಅದರ ಹಾನಿಯನ್ನು ಬಿಡುವುದು ಅರೆಬರೆ ದಾಖಲೆಯಷ್ಟೇ.

ಹೊಲಿಗೆ ಮಾಗಿದ ಮೇಲೆಯೂ ನಾಳ ಹುಟ್ಟುನಾಳದಂತೆ ನಡೆದುಕೊಳ್ಳುವುದಿಲ್ಲ. ತುತ್ತನ್ನು ಕೆಳಗೆ ತಳ್ಳುವ ಸ್ನಾಯುಗಳ ಅಲೆ ಜೀವನಪರ್ಯಂತ ದುರ್ಬಲವಾಗಿರಬಹುದು. ಜಠರದ ಆಮ್ಲ ಮೇಲೇರಿ ಹೊಲಿದ ಜಾಗವನ್ನು ಸುಡುತ್ತದೆ, ಅದು ಮತ್ತೆ ಕಿರಿದಾಗುತ್ತದೆ. ಖೂಬಾ ಪ್ಲಾಟಿನಂತಹ ನಗರದ ಬಡಾವಣೆಯಲ್ಲಾಗಲಿ, ಕಮಲಾಪುರದ ಸುತ್ತಿನ ಹಳ್ಳಿಗಳಲ್ಲಾಗಲಿ ಊಟದ ಆಧಾರ ಜೋಳದ ರೊಟ್ಟಿ. ಒಣ ರೊಟ್ಟಿಯ ತುತ್ತು ಇಂತಹ ಮಗುವಿನ ಎದೆಯಲ್ಲಿ ಸಿಕ್ಕಿಕೊಳ್ಳಬಹುದು. ಅಂಬಲಿ, ಮೆತ್ತಗೆ ಬೇಯಿಸಿದ ನುಚ್ಚು, ಸಾರಿನಲ್ಲಿ ನೆನೆಸಿದ ರೊಟ್ಟಿ ಸುಲಭವಾಗಿ ಇಳಿಯುತ್ತವೆ. ಕಮಲಾಪುರದ ಹೆಸರಾಂತ ಕೆಂಪು ಬಾಳೆಹಣ್ಣನ್ನೂ ನುಣ್ಣಗೆ ಕಿವುಚಿಯೇ ಕೊಡಬೇಕು, ತುತ್ತಿನ ನಡುವೆ ನೀರು ಕುಡಿಸಬೇಕು. ಉಣ್ಣುವಾಗಲೆಲ್ಲ ಕೆಮ್ಮು ಬರುವುದು, ನುಂಗಿದ್ದು ಹೊರಬರುವುದು ನಾಳ ಕಿರಿದಾದುದರ ಅಥವಾ ಶ್ವಾಸನಾಳದ ಹಳೆಯ ದಾರಿ ಮತ್ತೆ ತೆರೆದುದರ ಸೂಚನೆಯಾಗಿರಬಹುದು. ಮನೆಮಾತಿನಲ್ಲಿ ಮಾತ್ರ ಆ ಮಗು ‘ಹಟಮಾರಿ’, ಊಟಕ್ಕೆ ‘ಹೊತ್ತು ಮಾಡುವ’ ಕೂಸು.