ಹೇಳದೆ ಉಳಿದ ದೂರುಗಳು: ಆನ್‌ಲೈನ್ ಪೇಟೆಯ ರೇಟಿಂಗ್ ನಡೆದುಬಂದ ದಾರಿ

1996ರ ಫೆಬ್ರವರಿಯಲ್ಲಿ ಪಿಯರ್ ಒಮಿಡ್ಯಾರ್ ತಮ್ಮ ಹರಾಜು ತಾಣದ ಬಳಕೆದಾರರಿಗೆ ಒಂದು ಪತ್ರ ಬರೆದರು. ಆಗ ತಾಣಕ್ಕೆ ಇನ್ನೂ ಐದಾರು ತಿಂಗಳು. ಹೆಸರು ಆಕ್ಷನ್‌ವೆಬ್, ಮುಂದೆ ಅದೇ ಇಬೇ ಆಯಿತು. ಮುಖ ಕಾಣದವರ ನಡುವಿನ ವ್ಯಾಪಾರವಾದ್ದರಿಂದ ಜಗಳ ಬಂದಾಗ ದೂರು ಹೋಗುತ್ತಿದ್ದದ್ದು ಅವರ ಬಳಿಗೇ. ಜನರಲ್ಲಿ ಬಹುಪಾಲು ಪ್ರಾಮಾಣಿಕರೇ, ಮೋಸ ಮಾಡುವವರನ್ನು ನೀವೇ ಎಲ್ಲರೆದುರು ತೋರಿಸಿಕೊಡಿ ಎಂಬುದು ಆ ಪತ್ರದ ಸಾರ. ವ್ಯವಹಾರ ಚೆನ್ನಾಗಿ ನಡೆದರೆ ಒಂದು ಅಂಕ ಕೂಡಿಸಬೇಕು, ಕೆಟ್ಟರೆ ಒಂದು ಕಳೆಯಬೇಕು, ಎರಡೂ ಅಲ್ಲದಿದ್ದರೆ ಸೊನ್ನೆ. ನಾವು ಇವತ್ತು ಸೆಲ್ಲರ್ ರೇಟಿಂಗ್ ಎನ್ನುವುದು ಬೆಳೆದದ್ದು ಈ ಸಣ್ಣ ಲೆಕ್ಕದಿಂದ.

ಇದರ ಹಿಂದಿನ ಕಷ್ಟವನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆ ಕೊಟ್ಟು ಬಿಡಿಸಿಟ್ಟಿದ್ದರು. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವರಿಗೆ ತಿಳಿಯದಿದ್ದರೆ ಅವರು ಎಲ್ಲಕ್ಕೂ ನಡುವಿನ ಬೆಲೆಯನ್ನೇ ಹೇಳುತ್ತಾರೆ. ಆ ಬೆಲೆಗೆ ಕೊಡಲು ಗಿಟ್ಟದೆ ಒಳ್ಳೆಯ ಕಾರಿನವರು ಪೇಟೆಯಿಂದ ಹಿಂದೆ ಸರಿಯುತ್ತಾರೆ. ಕೊನೆಗೆ ಉಳಿಯುವುದು ಕೆಟ್ಟದ್ದೇ. ಕೊಂಡವರ ಮಾತು ಮುಂದೆ ಕೊಳ್ಳುವವರ ಕಿವಿಗೆ ಬಿದ್ದರೆ ಈ ಕುಸಿತ ತಪ್ಪುತ್ತದೆ.

ಹಾಗಾದರೆ ಕೊಂಡವರು ಮಾತಾಡಿದರೇ? ಪಾಲ್ ರೆಸ್ನಿಕ್ ಮತ್ತು ರಿಚರ್ಡ್ ಜೆಕ್‌ಹೌಸರ್ 1999ರ ಇಬೇ ವ್ಯವಹಾರಗಳನ್ನು ತೆಗೆದು ನೋಡಿದರು. ಅಭಿಪ್ರಾಯ ಬರೆದ ಕೊಳ್ಳುವವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಅವರು ಬರೆದದ್ದರಲ್ಲಿ ಶೇ. 99ರಷ್ಟು ಹೊಗಳಿಕೆ. ಮನುಷ್ಯರು ನಡೆಸುವ ಯಾವ ಸಂತೆಯಲ್ಲೂ ನೂರಕ್ಕೆ ತೊಂಬತ್ತೊಂಬತ್ತು ಮಂದಿ ತೃಪ್ತರಾಗಿ ಮನೆಗೆ ಹೋಗುವುದಿಲ್ಲ. ಕ್ರಿಸ್ ಡೆಲ್ಲಾರೋಕಾಸ್ ಮತ್ತು ಚಾರ್ಲ್ಸ್ ವುಡ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏನೂ ಬರೆಯದೆ ಉಳಿದವರನ್ನೂ ಲೆಕ್ಕಕ್ಕೆ ಹಿಡಿದರು. ಆಗ ನಿಜಕ್ಕೂ ತೃಪ್ತರಾದ ಕೊಳ್ಳುವವರು ಸುಮಾರು ಶೇ. 79 ಎಂದು ಕಂಡಿತು. ನಡುವೆ ಕಾಣೆಯಾದ ಇಪ್ಪತ್ತು ಪಾಲಿನಲ್ಲೇ ಈ ಕ್ಷೇತ್ರದ ಇಡೀ ಚರಿತ್ರೆ ಅಡಗಿದೆ ಎಂದು ನನಗನಿಸುತ್ತದೆ. ಆನ್‌ಲೈನಿನಲ್ಲಿ ತರಿಸಿದ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಾಗ ನಾನೂ ಒಂದು ಸಾಲು ಬರೆಯಲಿಲ್ಲ. ನನ್ನ ನಂತರ ಅದೇ ಸೀರೆ ತರಿಸಿದವರಿಗೆ ನಾನು ಮಾಡಿದ ಅನ್ಯಾಯ ಅದು.

ನನ್ನ ಮೌನಕ್ಕೆ ಸೋಮಾರಿತನ ಕಾರಣ. ಇಬೇಯಲ್ಲಿ ಕೊಂಡವರ ಮೌನಕ್ಕೆ ಭಯ. ಅಲ್ಲಿ ಮಾರುವವರೂ ಕೊಳ್ಳುವವರಿಗೆ ಅಂಕ ಕೊಡುತ್ತಿದ್ದರು. ನೀವು ದೂರು ಬರೆದರೆ ಮರುಗಳಿಗೆಯಲ್ಲಿ ನಿಮ್ಮ ಮೇಲೂ ಒಂದು ದೂರು. ಎಷ್ಟೋ ಮಾರಾಟಗಾರರು ಕೊಳ್ಳುವವರು ಬರೆಯುವ ತನಕ ಬಾಯಿಬಿಡದೆ ಕಾಯುತ್ತಿದ್ದರು. ಬಿದ್ದ ಕೆಟ್ಟ ಅಂಕವನ್ನು ಇಬ್ಬರೂ ಒಪ್ಪಿ ಹಿಂದೆಗೆದುಕೊಳ್ಳುವ ಅವಕಾಶವಿತ್ತು; ಪ್ರತಿದೂರು ಹಾಕಿ, 'ನೀನು ತೆಗೆ, ನಾನೂ ತೆಗೆಯುತ್ತೇನೆ' ಎಂದು ಒತ್ತಾಯಿಸಲು ಅದು ನೆಪವಾಯಿತು.

ಕೆಟ್ಟ ಅಂಕಕ್ಕೆ ಮಾರುವವರು ಇಷ್ಟು ಹೆದರಿದ್ದಕ್ಕೂ ಕಾರಣವಿದೆ. ರೆಸ್ನಿಕ್ ಮತ್ತು ಸಂಗಡಿಗರು ಹಳೆಯ ಪೋಸ್ಟ್‌ಕಾರ್ಡುಗಳನ್ನು ಜೋಡಿ ಮಾಡಿ, ಒಂದನ್ನು ಹೆಸರುವಾಸಿ ಮಾರಾಟಗಾರರ ಖಾತೆಯಿಂದ, ಇನ್ನೊಂದನ್ನು ಹೊಸ ಖಾತೆಗಳಿಂದ ಮಾರಿದರು. 2006ರಲ್ಲಿ ಪ್ರಕಟವಾದ ಆ ಪ್ರಯೋಗದ ಪ್ರಕಾರ ಹೆಸರಿದ್ದವರಿಗೆ ಜನ ಸುಮಾರು ಶೇ. 8ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ಲೂಯಿಸ್ ಕಬ್ರಾಲ್ ಮತ್ತು ಅಲಿ ಹೊರ್ಟಾಚ್ಸು 2010ರಲ್ಲಿ ತೋರಿಸಿದ್ದು ಇನ್ನೂ ಕಠೋರ: ವಾರಕ್ಕೆ ಶೇ. 5ರಂತೆ ಬೆಳೆಯುತ್ತಿದ್ದ ಮಾರಾಟ, ಮೊದಲ ಕೆಟ್ಟ ಅಂಕ ಬಿದ್ದ ಮೇಲೆ ವಾರಕ್ಕೆ ಶೇ. 8ರಂತೆ ಇಳಿಯತೊಡಗಿತು.

ಇಬೇ 2007ರ ಮೇನಲ್ಲಿ ಕೊಳ್ಳುವವರಿಗೆ ಇನ್ನೊಂದು ಕಿಂಡಿ ತೆರೆಯಿತು. ವಸ್ತು ಹೇಳಿದಂತಿತ್ತೇ, ಮಾತುಕತೆ ಹೇಗಿತ್ತು, ಎಷ್ಟು ಬೇಗ ಕಳಿಸಿದರು, ಸಾಗಣೆ ದರ ನ್ಯಾಯವೇ ಎಂಬ ನಾಲ್ಕಕ್ಕೆ ಸ್ಟಾರ್ ಕೊಡಬಹುದು. ಯಾರು ಎಷ್ಟು ಕೊಟ್ಟರೆಂದು ಮಾರುವವರಿಗೆ ಕಾಣದು, ಸರಾಸರಿ ಮಾತ್ರ ಕಾಣುತ್ತದೆ. ಮರುವರ್ಷದ ಮೇನಲ್ಲಿ ದೊಡ್ಡ ಪೆಟ್ಟೇ ಬಿತ್ತು: ಮಾರುವವರು ಇನ್ನು ಕೊಳ್ಳುವವರಿಗೆ ಕೆಟ್ಟ ಅಂಕ ಕೊಡುವಂತಿಲ್ಲ. ಈ ಸುದ್ದಿ ಹೊರಬಿದ್ದ ಕೂಡಲೇ, ಫೆಬ್ರವರಿಯಲ್ಲೇ, ಮಾರಾಟಗಾರರು ತಾಣಕ್ಕೆ ಒಂದು ವಾರದ ಬಹಿಷ್ಕಾರ ಹಾಕಿದ್ದರು. ಹಣ ಕೊಡದೆ ಸತಾಯಿಸುವವರ ಬಗ್ಗೆ ನಾವು ಯಾರಿಗೆ ಹೇಳೋಣ ಎಂಬ ಅವರ ಸಂಕಟ ಸುಳ್ಳಲ್ಲ. ಆದರೂ ಆ ತೀರ್ಮಾನ ಸರಿ ಎಂದೇ ನನ್ನ ಎಣಿಕೆ. ಟೋಬಿಯಸ್ ಕ್ಲೈನ್, ಕ್ರಿಸ್ಟಿಯನ್ ಲ್ಯಾಂಬರ್ಟ್ಸ್, ಕೊನ್ರಾಡ್ ಸ್ಟಾಲ್ ಮೊದಲಿನ ಮತ್ತು ನಂತರದ ಅಂಕಗಳನ್ನು ಹೋಲಿಸಿದಾಗ, ಕೊಳ್ಳುವವರ ತೃಪ್ತಿ ಹೆಚ್ಚಿತ್ತು. ಮಾರುವವರು ದಂಡಾಗಿ ಪೇಟೆ ಬಿಟ್ಟೂ ಹೋಗಿರಲಿಲ್ಲ. ಇದ್ದವರೇ ತಮ್ಮ ಕೆಲಸವನ್ನು ತಿದ್ದಿಕೊಂಡಿದ್ದರು.

ಪ್ರತಿದೂರಿನ ಭಯದ ಇದೇ ಗಂಟನ್ನು ಏರ್‌ಬಿಎನ್‌ಬಿ 2014ರಲ್ಲಿ ಬೇರೆ ರೀತಿ ಬಿಚ್ಚಿತು. ಅತಿಥಿ, ಆತಿಥೇಯ ಇಬ್ಬರೂ ಬರೆದ ಮೇಲೆ ಅಥವಾ ಗಡುವು ಮುಗಿದ ಮೇಲಷ್ಟೇ ಎರಡೂ ಒಟ್ಟಿಗೆ ತೆರೆದುಕೊಳ್ಳುತ್ತವೆ.

ಮೌನವನ್ನೇ ಎಣಿಸುವ ದಾರಿಯನ್ನೂ ಇಬ್ಬರು ಹುಡುಕಿದರು. ಇಬೇಯಲ್ಲಿ ನಡುವಿನ ದರ್ಜೆಯ ಮಾರಾಟಗಾರರಿಗೂ ನೂರಕ್ಕೆ ನೂರು ಇರುವುದನ್ನು ಕಂಡ ಕ್ರಿಸ್ ನೋಸ್ಕೋ ಮತ್ತು ಸ್ಟೀವನ್ ಟಡೆಲಿಸ್, ಹೊಗಳಿಕೆಗಳನ್ನು ಬರೆದವರ ಸಂಖ್ಯೆಯ ಬದಲು ಒಟ್ಟು ವ್ಯವಹಾರಗಳಿಂದ ಭಾಗಿಸಿ ನೋಡಿದರು. ಹುಡುಕಾಟದಲ್ಲಿ ಈ ಅಂಕ ಹೆಚ್ಚಿದ್ದವರನ್ನು ಮೇಲೆ ತಂದಾಗ, ಕೊಳ್ಳಲು ಬಂದವರು ಮತ್ತೆ ಮರಳುವುದು ಹೆಚ್ಚಾಯಿತು.

ಅಂಕಕ್ಕೆ ಬೆಲೆ ಬಂದೊಡನೆ ನಕಲಿ ಅಂಕಕ್ಕೂ ಬೆಲೆ ಬಂತು. ಅಮೆಜಾನ್ 2015ರಲ್ಲಿ ನಕಲಿ ರಿವ್ಯೂ ಮಾರುವವರ ಮೇಲೆ ಮೊಕದ್ದಮೆ ಹೂಡಿತು. ಮರುವರ್ಷ, ಉಚಿತ ಸಾಮಾನು ಪಡೆದು ರಿವ್ಯೂ ಬರೆಯುವುದಕ್ಕೂ ಬಹುಮಟ್ಟಿಗೆ ತಡೆ ಹಾಕಿತು. ನಮ್ಮಲ್ಲಿ 2020ರ ಜುಲೈನಲ್ಲಿ ಬಂದ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು, ಮಾರುವವರೇ ಗ್ರಾಹಕರ ವೇಷ ಹಾಕಿ ರಿವ್ಯೂ ಬರೆಯುವುದನ್ನು ನಿಷೇಧಿಸಿದವು. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 19000 ಬಂತು. ರಿವ್ಯೂ ಬರೆದವರು ನಿಜವಾದ ವ್ಯಕ್ತಿಯೇ ಎಂದು ಪರಿಶೀಲಿಸಿ, ಸೋಸಿ ಪ್ರಕಟಿಸುವ ಕ್ರಮವನ್ನು ಅದು ಹೇಳುತ್ತದೆ. ಆದರೆ ಅದು ಹೊರಬಂದದ್ದು ಇಷ್ಟವಿದ್ದವರು ಪಾಲಿಸಲಿ ಎಂಬ ರೂಪದಲ್ಲಿ.

ಈ ನಿಯಮಗಳ ಕಣ್ಣು ಸುಳ್ಳು ಹೊಗಳಿಕೆಯ ಮೇಲಿದೆ. ಆದರೆ ಸಣ್ಣ ಮಾರಾಟಗಾರರನ್ನು ಕಾಡುವುದು ತಮ್ಮದಲ್ಲದ ತಪ್ಪಿಗೆ ಬೀಳುವ ನಿಜವಾದ ದೂರು. ಅಮೆಜಾನಿನಲ್ಲಿ ಒಂದು ಅಥವಾ ಎರಡು ಸ್ಟಾರಿನ ಅಭಿಪ್ರಾಯ, ಪರಿಹಾರದ ಬೇಡಿಕೆ ಮುಂತಾದವು ಬಂದ ಆರ್ಡರುಗಳ ಪಾಲು ಶೇ. 1ಕ್ಕಿಂತ ಕೆಳಗಿರಬೇಕು, ಮೀರಿದರೆ ಖಾತೆಯೇ ಅಮಾನತಾಗಬಹುದು. ನಲವತ್ತು ಸಾವಿರ ಆರ್ಡರ್ ಇರುವ ದೊಡ್ಡ ಕಂಪನಿ 399 ಸಿಟ್ಟಿನ ಗ್ರಾಹಕರನ್ನು ತಾಳಿಕೊಳ್ಳುತ್ತದೆ. ಚನ್ನಪಟ್ಟಣದಲ್ಲಿ ಅರಗು ಬಳಿದ ಗೊಂಬೆ ಮಾಡಿಸಿ, ಎರಡು ತಿಂಗಳಿಗೆ ನಲವತ್ತು ಆರ್ಡರ್ ಕಾಣುವವರಿಗೆ ಒಬ್ಬರೇ ಸಾಕು, ಲೆಕ್ಕ ಶೇ. 2.5ಕ್ಕೆ ಹಾರುತ್ತದೆ. ಸಾಗಣೆಯನ್ನು ಅಮೆಜಾನೇ ವಹಿಸಿಕೊಂಡಿದ್ದರೆ ಡೆಲಿವರಿಯ ದೂರನ್ನು ಅದು ಮಾರುವವರ ಲೆಕ್ಕದಿಂದ ತೆಗೆಯುತ್ತದೆ. ತಾವೇ ಕೊರಿಯರ್‌ಗೆ ಕೊಟ್ಟವರಿಗೆ ಆ ರಕ್ಷೆ ಇಲ್ಲ. ಪೆಟ್ಟಿಗೆಯನ್ನು ಯಾರೋ ಎತ್ತಿ ಎಸೆದು ಬುಗುರಿಯ ಮೊಳೆ ಮುರಿದರೆ ಒಂದು ಸ್ಟಾರ್ ಬೀಳುವುದು ಗೊಂಬೆ ಮಾರಿದವರ ಹೆಸರಿಗೆ. ಅದೇ ಎರಡು ತಿಂಗಳಲ್ಲಿ ಗೊಂಬೆ ಸರಿಯಾಗಿ ತಲುಪಿ, ಮಕ್ಕಳ ಕೈಯಲ್ಲಿ ಆಡಿದ ಉಳಿದ ಮೂವತ್ತೊಂಬತ್ತು ಮನೆಗಳಲ್ಲಿ ಎಷ್ಟೋ ಮನೆಯವರು ಏನೂ ಬರೆದಿರುವುದಿಲ್ಲ.