ಒಂದೇ ಊರು, ಎರಡು ತೀರ್ಪು

ಸಮಾಜ ವಿಜ್ಞಾನದ ತರಗತಿಯಲ್ಲಿ ರಾಷ್ಟ್ರೀಯ ಪಕ್ಷ, ಪ್ರಾದೇಶಿಕ ಪಕ್ಷ ಎಂಬ ಪಾಠ ಬಂದಾಗಲೆಲ್ಲ ಮಕ್ಕಳು ಕೇಳುವ ಪ್ರಶ್ನೆಯೊಂದು ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ನೆನಪಿದ್ದೀತು. ತಮಿಳುನಾಡಿಗೆ ಡಿಎಂಕೆ ಇದೆ, ಆಂಧ್ರಕ್ಕೆ ತೆಲುಗು ದೇಶಂ ಇದೆ, ನಮಗೇಕೆ ಅಂಥದ್ದೊಂದು ಗಟ್ಟಿಯಾಗಿ ನಿಲ್ಲಲಿಲ್ಲ ಸಾರ್? ಅರಳಿಕಟ್ಟೆಯ ಹಿರಿಯರ ಬಳಿ ಇದಕ್ಕೆ ಸಿದ್ಧ ಉತ್ತರವಿದೆ: ಕನ್ನಡಿಗರಿಗೆ ಅಭಿಮಾನ ಸಾಲದು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ನೆರೆಯವರು ಹೊಸ ಪಕ್ಷ ಕಟ್ಟಿ ಮಾಡಿದ ಕೆಲಸವನ್ನು ನಮ್ಮ ಮತದಾರ ಇದ್ದ ಪಕ್ಷಗಳ ಕೈಯಲ್ಲೇ ಮಾಡಿಸಿದ ಎಂಬುದು ನನ್ನ ಎಣಿಕೆ. ಅದಕ್ಕೆ ನಾವು ತೆತ್ತ ಬೆಲೆಯೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ರಾಷ್ಟ್ರೀಯ, ಪ್ರಾದೇಶಿಕ ಎಂಬ ಹೆಸರುಗಳು ಚುನಾವಣಾ ಆಯೋಗ ಲೆಕ್ಕ ನೋಡಿ ಕೊಡುವ ಮಾನ್ಯತೆಗಳು. ವಿಧಾನಸಭಾ ಚುನಾವಣೆಯಲ್ಲಿ ಶೇ. 6 ಮತ ಮತ್ತು 2 ಸ್ಥಾನ ಗಳಿಸುವುದು ರಾಜ್ಯ ಪಕ್ಷವಾಗುವ ಒಂದು ದಾರಿ. ನಾಲ್ಕು ರಾಜ್ಯಗಳಲ್ಲಿ ಅಂಥ ಮಾನ್ಯತೆ ಇದ್ದರೆ ರಾಷ್ಟ್ರೀಯ ಪಕ್ಷ. ಮೊದಲ ಮಹಾಚುನಾವಣೆಗೆ 14 ರಾಷ್ಟ್ರೀಯ ಪಕ್ಷಗಳಿದ್ದವು, ಮುಗಿದ ಮೇಲೆ ಉಳಿದದ್ದು ನಾಲ್ಕು. 2023ರ ಏಪ್ರಿಲ್‌ನಲ್ಲಿ ಸಿಪಿಐ ಆ ಮಾನ್ಯತೆ ಕಳೆದುಕೊಂಡಿತು, ಆಮ್ ಆದ್ಮಿ ಪಕ್ಷ ಪಡೆದುಕೊಂಡಿತು.

ಮದರಾಸಿನಲ್ಲಿ ಜಸ್ಟಿಸ್ ಪಕ್ಷ, ದ್ರಾವಿಡ ಚಳವಳಿಗಳು ಕಾಂಗ್ರೆಸ್ಸಿನ ಹೊರಗೆ, ಅದಕ್ಕೆ ಎದುರಾಗಿ ಬೆಳೆದವು. 1949ರಲ್ಲಿ ಹುಟ್ಟಿದ ಡಿಎಂಕೆ 1967ರಲ್ಲಿ ಅಧಿಕಾರ ಹಿಡಿದ ಮೇಲೆ ಕಾಂಗ್ರೆಸ್ ಅಲ್ಲಿ ಮತ್ತೆ ಸರ್ಕಾರ ರಚಿಸಲಿಲ್ಲ. ನಮ್ಮಲ್ಲಿ ನಡೆದದ್ದೇ ಬೇರೆ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಭಾಷಾವಾರು ಪ್ರಾಂತ ಸಮಿತಿಗಳನ್ನು ಒಪ್ಪಿತು. ಮುಂಬಯಿ, ಹೈದರಾಬಾದ್, ಮದರಾಸು, ಮೈಸೂರು, ಕೊಡಗು ಎಂದು ಹರಿದು ಹಂಚಿದ್ದ ಕನ್ನಡಿಗರಿಗೆ ಏಕೀಕರಣದ ಕನಸು ಬಹುಮಟ್ಟಿಗೆ ಆ ಪಕ್ಷದ ಒಳಗೇ ಬೆಳೆಯಿತು. 1956ರಲ್ಲಿ ರಾಜ್ಯ ಒಂದಾದಾಗ ಭಾಷೆಯ ಹೆಸರಿನಲ್ಲಿ ಕಾಂಗ್ರೆಸ್ಸಿಗೆ ಎದುರು ನಿಲ್ಲಬಲ್ಲ ಪಕ್ಷ ಇರಲಿಲ್ಲ.

ಎರಡನೆಯ ಕಾರಣ ದೇವರಾಜ ಅರಸು. ತಮಿಳುನಾಡಿನಲ್ಲಿ ಹಿಂದುಳಿದವರ ಏಳಿಗೆ ಪ್ರಾದೇಶಿಕ ಪಕ್ಷದ ಬಂಡವಾಳವಾಯಿತು. ಇಲ್ಲಿ ಹಾವನೂರು ಆಯೋಗವನ್ನೂ 1974ರ ಭೂಸುಧಾರಣೆಯನ್ನೂ ತಂದವರು ಕಾಂಗ್ರೆಸ್ ಮುಖ್ಯಮಂತ್ರಿಯೇ. ನಮ್ಮ ಶಾಲೆಯ ಮೊದಲ ತಂಡಗಳಲ್ಲಿ ಕುಳಿತ ಎಷ್ಟೋ ಮಕ್ಕಳ ಅಪ್ಪಂದಿರು ಡಿಕ್ಲರೇಷನ್ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತಿದ್ದ ಕಾಲ ಅದು. ಆದರೆ ಅದೇ ಅರಸು ಇಂದಿರಾ ಗಾಂಧಿಯವರಿಂದ ದೂರವಾಗಿ 1980ರ ಲೋಕಸಭಾ ಚುನಾವಣೆ ಎದುರಿಸಿದಾಗ ಇಲ್ಲಿನ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಅರಸರ ಪಾಲಿಗೆ ಒಂದೂ ಇಲ್ಲ. ಭೂಮಿ ಕೊಡಿಸಿದವರನ್ನು ಜನ ಮರೆತರೇ? ಮರೆತಿರಲಿಲ್ಲ ಎಂದೇ ನನಗನಿಸುತ್ತದೆ. ದಿಲ್ಲಿಗೆ ಯಾರು ಎಂಬ ಪ್ರಶ್ನೆಗೆ ಅವರು ಬೇರೆ ಉತ್ತರ ಕೊಟ್ಟರು, ಅಷ್ಟೆ. ಅರಸು ಕಟ್ಟಿದ ಕ್ರಾಂತಿರಂಗ ಅಧಿಕಾರದ ಹೊಸ್ತಿಲು ಮುಟ್ಟುವ ಮುನ್ನವೇ, 1982ರ ಜೂನ್‌ನಲ್ಲಿ ಅವರು ತೀರಿಕೊಂಡರು.

ಆ 1982ನೇ ಇಸವಿ ಪ್ರಾದೇಶಿಕ ಪಕ್ಷವೊಂದು ಹುಟ್ಟಲು ಹೇಳಿ ಮಾಡಿಸಿದಂತಿತ್ತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದ ಗೋಕಾಕ್ ವರದಿಯ ಜಾರಿಗಾಗಿ ಊರೂರಲ್ಲಿ ಮೆರವಣಿಗೆ. ರಾಜ್‌ಕುಮಾರ್ ಬೀದಿಗಿಳಿದರು, ಜನಸಾಗರ ಹಿಂದೆ ಬಂತು. ಅದೇ ವರ್ಷ ಮಾರ್ಚ್‌ನಲ್ಲಿ ಪಕ್ಕದ ಆಂಧ್ರದಲ್ಲಿ ಎನ್.ಟಿ. ರಾಮರಾವ್ ತೆಲುಗು ದೇಶಂ ಸ್ಥಾಪಿಸಿ ಒಂಬತ್ತೇ ತಿಂಗಳಲ್ಲಿ ಮುಖ್ಯಮಂತ್ರಿಯಾದರು. ರಾಜ್‌ಕುಮಾರ್ ಪಕ್ಷ ಕಟ್ಟಲಿಲ್ಲ, ಚುನಾವಣೆಗೂ ನಿಲ್ಲಲಿಲ್ಲ. ಅದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬ ವಾದ ನಮ್ಮೂರ ಹೋಟೆಲುಗಳಲ್ಲಿ ಇನ್ನೂ ಮುಗಿದಿಲ್ಲ. 1983ರ ಜನವರಿಯಲ್ಲಿ ಕನ್ನಡಿಗರ ಆ ಸಿಟ್ಟು ಮತವಾಗಿ ಹರಿದದ್ದು ಕ್ರಾಂತಿರಂಗದೊಂದಿಗೆ ಕೈಜೋಡಿಸಿದ್ದ ಜನತಾ ಪಕ್ಷಕ್ಕೆ. 224ರಲ್ಲಿ ಜನತಾ 95, ಕಾಂಗ್ರೆಸ್ 82, ಬಿಜೆಪಿ 18. ಬಿಜೆಪಿ ಮತ್ತು ಎಡಪಕ್ಷಗಳ ಬೆಂಬಲದಿಂದ ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಎರಡೇ ತಿಂಗಳಲ್ಲಿ ದಕ್ಷಿಣದ ಕಾಂಗ್ರೆಸ್ಸೇತರ ಮುಖ್ಯಮಂತ್ರಿಗಳು ಬೆಂಗಳೂರಿನಲ್ಲಿ ಸೇರಿ ರಾಜ್ಯಗಳ ಹಕ್ಕಿನ ಮಾತಾಡಿದರು. ಕೇಂದ್ರ–ರಾಜ್ಯ ಸಂಬಂಧ ಪರಿಶೀಲನೆಗೆ ಸರ್ಕಾರಿಯಾ ಆಯೋಗ ಘೋಷಣೆಯಾದದ್ದು ಅದೇ ಮಾರ್ಚ್‌ನಲ್ಲಿ.

ಇನ್ನು ನಾನು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದ ಲೆಕ್ಕಕ್ಕೆ ಬರುತ್ತೇನೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಡಿಸೆಂಬರ್ ಕೊನೆಯಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 24, ಆಳುತ್ತಿದ್ದ ಜನತಾ ಪಕ್ಷಕ್ಕೆ ಬರೀ 4. ಜನಾದೇಶ ಕಳೆದುಕೊಂಡೆವೆಂದು ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆ ವಿಸರ್ಜನೆಗೆ ಶಿಫಾರಸು ಮಾಡಿದರು. 1985ರ ಮಾರ್ಚ್ ಮೊದಲ ವಾರ ಮತ್ತೆ ಮತದಾನ. ಈ ಬಾರಿ ಜನತಾ ಪಕ್ಷಕ್ಕೆ 139, ಕಾಂಗ್ರೆಸ್ಸಿಗೆ 65.

ನಡುವಿನ ಅಂತರ ಎರಡೂವರೆ ತಿಂಗಳೂ ಇಲ್ಲ. ಅದೇ ಶಾಲೆಯ ಕೊಠಡಿ, ಅದೇ ಮೇಷ್ಟರು ಮತಗಟ್ಟೆ ಅಧಿಕಾರಿ, ಅದೇ ಅಳಿಸದ ಶಾಯಿ, ಅದೇ ತಗಡಿನ ಮತಪೆಟ್ಟಿಗೆ. ಡಿಸೆಂಬರ್‌ನಲ್ಲಿ ಹಸ್ತಕ್ಕೆ ಮುದ್ರೆ ಒತ್ತಿದ್ದ ಲಕ್ಷಾಂತರ ಕೈಗಳು ಮಾರ್ಚ್‌ನಲ್ಲಿ ಬೇರೆ ಕಡೆ ಒತ್ತಿದವು. ಇದನ್ನು ಚಂಚಲತೆ ಎಂದವರಿದ್ದಾರೆ. ಆಂಧ್ರದ ಜೊತೆ ಹೋಲಿಸಿದರೆ ಇದರ ಅರ್ಥ ತಿಳಿಯುತ್ತದೆ. ಅದೇ ಡಿಸೆಂಬರ್‌ನಲ್ಲಿ ಅಲ್ಲಿನ 42ರಲ್ಲಿ 30 ಸ್ಥಾನ ತೆಲುಗು ದೇಶಂಗೆ ಬಂದು, ಅದು ಲೋಕಸಭೆಯ ಅತಿ ದೊಡ್ಡ ವಿರೋಧ ಪಕ್ಷವಾಯಿತು. ಆಂಧ್ರದ ಮತದಾರ ದಿಲ್ಲಿಗೂ ಹೈದರಾಬಾದಿಗೂ ಒಬ್ಬನನ್ನೇ ಕಳಿಸಿದ; ನಮ್ಮವನು ಮನೆಯ ಕೆಲಸಕ್ಕೆ ಒಬ್ಬನನ್ನು, ಪರಸ್ಥಳದ ಕೆಲಸಕ್ಕೆ ಇನ್ನೊಬ್ಬನನ್ನು ಇಟ್ಟುಕೊಂಡ. ಜನತಾ ಪಕ್ಷ ಕಾಗದದ ಮೇಲೆ ರಾಷ್ಟ್ರೀಯ ಪಕ್ಷ. ಆದರೆ ಆ ಲೋಕಸಭೆಯಲ್ಲಿ ದೇಶಕ್ಕೆಲ್ಲ ಅದಕ್ಕಿದ್ದದ್ದು 10 ಸ್ಥಾನ, ಅವುಗಳಲ್ಲಿ ನಾಲ್ಕು ನಮ್ಮವೇ. ಹೆಸರು ಏನೇ ಇರಲಿ, ಬದುಕಿದ್ದು ಕರ್ನಾಟಕದ ಪಕ್ಷವಾಗಿ.

ಹಳ್ಳಿಗೆ ಇದರಿಂದ ಏನು ಬಂತು ಎಂದರೆ ಬೋರ್‌ವೆಲ್ ಬಂತು. ನೀರಿಗಾಗಿ ಹಟ ಹಿಡಿದ ಸಚಿವ ಅಬ್ದುಲ್ ನಜೀರ್ ಸಾಬರನ್ನು ಜನ ನೀರ್ ಸಾಬ್ ಎಂದರು. ಅವರದೇ ಆಸಕ್ತಿಯ ಜಿಲ್ಲಾ ಪರಿಷತ್ತು–ಮಂಡಲ ಪಂಚಾಯಿತಿ ಮಸೂದೆ 1983ರಲ್ಲಿ ಅಂಗೀಕಾರವಾದರೂ ರಾಷ್ಟ್ರಪತಿಗಳ ಅಂಕಿತಕ್ಕೆ 1985ರವರೆಗೆ ಕಾಯಬೇಕಾಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆದು, ಹೆಂಗಸರಿಗೆ ಶೇ. 25 ಸ್ಥಾನ ಮೀಸಲಾಯಿತು. ಸಂವಿಧಾನದ 73ನೇ ತಿದ್ದುಪಡಿಗೆ ಐದಾರು ವರ್ಷ ಮೊದಲು!

1988ರಲ್ಲಿ ಹೆಗಡೆಯವರ ಜಾಗಕ್ಕೆ ಬಂದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರ ಏಪ್ರಿಲ್ 21ರಂದು ವಜಾ ಮಾಡಲಾಯಿತು. ಬೆಂಬಲ ಹಿಂತೆಗೆದ ಶಾಸಕರ ಪತ್ರಗಳನ್ನು ನಂಬಿ ರಾಜ್ಯಪಾಲರು ವರದಿ ಕಳಿಸಿದ್ದರು. ಸದನದಲ್ಲಿ ಬಹುಮತ ತೋರಿಸುತ್ತೇನೆಂದರೂ ಅವಕಾಶ ಸಿಗಲಿಲ್ಲ. ಬೊಮ್ಮಾಯಿ ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದಿತು. ದೇಶದ ಪ್ರಾದೇಶಿಕ ಪಕ್ಷಗಳ ಸರ್ಕಾರಗಳಿಗೆಲ್ಲ ಇಂದು ಕವಚವಾಗಿರುವ ತೀರ್ಪಿಗೆ, ಪ್ರಾದೇಶಿಕ ಪಕ್ಷಕ್ಕೆ ಸೇರದ ಕನ್ನಡಿಗನೊಬ್ಬನ ಹೆಸರಿದೆ. ಕುರ್ಚಿ ಮಾತ್ರ ಅವರಿಗೆ ಮರಳಿ ಸಿಗಲಿಲ್ಲ.

ಪ್ರಾದೇಶಿಕ ಪಕ್ಷದ ಪ್ರಯತ್ನಗಳೇ ಇರಲಿಲ್ಲವೆಂದಲ್ಲ. ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ 1994ರಲ್ಲಿ 10 ಸ್ಥಾನ ಗೆದ್ದಿತು. ರೈತ ಸಂಘದಿಂದ ಪ್ರೊ. ಎಂ.ಡಿ. ನಂಜುಂಡಸ್ವಾಮಿ, ಕೆ.ಎಸ್. ಪುಟ್ಟಣ್ಣಯ್ಯ ಸದನ ಪ್ರವೇಶಿಸಿದರು. ಯಡಿಯೂರಪ್ಪನವರ ಕೆಜೆಪಿ 2013ರಲ್ಲಿ 6 ಸ್ಥಾನ ಪಡೆದು ಮರುವರ್ಷವೇ ಬಿಜೆಪಿಯಲ್ಲಿ ಕರಗಿತು. ಉಳಿದದ್ದು 1999ರಲ್ಲಿ ಜನತಾದಳ ಒಡೆದು ಬಂದ ಜಾತ್ಯತೀತ ಜನತಾದಳ. ಅದು ಪ್ರಾದೇಶಿಕವಾಗಿ ಹುಟ್ಟಿದ್ದಲ್ಲ, ರಾಷ್ಟ್ರೀಯ ಪಕ್ಷದ ಮನೆ ಪಾಲಾದಾಗ ಕರ್ನಾಟಕಕ್ಕೆ ಬಂದ ಪಾಲು. ಇವುಗಳಲ್ಲಿ ಹೆಚ್ಚಿನವು ಒಬ್ಬ ನಾಯಕನ ಮುನಿಸಿನಿಂದ ಹುಟ್ಟಿದವು. ಮುನಿಸು ಇಳಿದ ಮೇಲೆ ಉಳಿಯಲು ಬೇರೆ ಕಾರಣ ಇರಲಿಲ್ಲ.

ಬೆಲೆಯ ಮಾತಿಗೆ ಬರೋಣ. 1991ರಲ್ಲಿ ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶದಲ್ಲಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಲು ಹೇಳಿದಾಗ, ಅಂದಿನ ಮುಖ್ಯಮಂತ್ರಿ ಬಂಗಾರಪ್ಪ ಅದರ ವಿರುದ್ಧ ಸುಗ್ರೀವಾಜ್ಞೆ ತಂದರು. ಕೇಂದ್ರದಲ್ಲಿದ್ದದ್ದೂ ಅವರದೇ ಪಕ್ಷ. ಸುಗ್ರೀವಾಜ್ಞೆ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿತು, ಆದೇಶ ಆ ವರ್ಷದ ಡಿಸೆಂಬರ್‌ನಲ್ಲಿ ಗೆಜೆಟ್ ಸೇರಿತು. ಕಾನೂನು ಏನೇ ಇರಲಿ, ದಿಲ್ಲಿಯಲ್ಲಿ ಪಟ್ಟು ಹಿಡಿದು ಕೂರಬಲ್ಲ ಸಂಸದರ ಗುಂಪು ನಮಗಿರಲಿಲ್ಲ. ನಮ್ಮ ಸಂಸದರು ಮೊದಲು ಹೈಕಮಾಂಡಿನ ಮುಖ ನೋಡಬೇಕು. ಒಮ್ಮೆ ಮಾತ್ರ, 1996ರಲ್ಲಿ, ಜನತಾದಳಕ್ಕೆ ಇಲ್ಲಿಂದ 16 ಸ್ಥಾನ ಬಂದಾಗ, ಎಚ್.ಡಿ. ದೇವೇಗೌಡರು ಪ್ರಧಾನಿಯಾದರು. ಒಟ್ಟುಗೂಡಿದ ಸ್ಥಾನಗಳಿಗೆ ಎಷ್ಟು ತೂಕವಿದೆ ಎಂದು ಆಗ ಗೊತ್ತಾಯಿತು. ಆ ಸರ್ಕಾರ ಒಂದು ವರ್ಷವೂ ಉಳಿಯಲಿಲ್ಲ.

ಹಳೆಯ ಅಭ್ಯಾಸವನ್ನಂತೂ ಮತದಾರ ಬಿಟ್ಟಿಲ್ಲ. 2013ರಲ್ಲಿ ವಿಧಾನಸಭೆಯನ್ನು ಕಾಂಗ್ರೆಸ್ಸಿಗೆ ಕೊಟ್ಟು, ಮರುವರ್ಷ ಲೋಕಸಭೆಗೆ ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2 ಎಂದು ಹಂಚಿದ. ಹತ್ತು ವರ್ಷ ಕಳೆದು 2023ರಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನ ಕೊಟ್ಟ. 2024ರಲ್ಲಿ ಲೋಕಸಭೆಯ ಫಲಿತಾಂಶ ಬಂದಾಗ ಅಂಕಿಗಳು ಮತ್ತೆ ಅವೇ: 17, 9, 2.